ಅತ್ತೆಯ ಎರಡು ಓಟು

ನ್ಯೂಜಿಲೆಂಡಿನಲ್ಲಿ ಸಂಸತ್ತಿನ ಚುನಾವಣೆ ಬಂದಿದೆ ಎಂಬ ಸುದ್ದಿಯನ್ನು ನಮ್ಮ ಮನೆಗೆ ತಂದವರು ನನ್ನ ಅತ್ತೆ. ಅವತ್ತು ಭಾನುವಾರ. ನಾನು ದೋಸೆ ಹುಯ್ಯುತ್ತಿದ್ದೆ, ನನ್ನ ಗಂಡ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅತ್ತೆ ತಮ್ಮ ಕೋಣೆಯಲ್ಲಿ ಫೋನ್ ಮಾತು ಮುಗಿಸಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಅಲ್ಲಿ ಎಲೆಕ್ಷನ್ ಅಂತೆ. ನಾನು ಓಟು ಹಾಕ್ಬೇಕು," ಎಂದರು.

ನನ್ನ ಗಂಡ ಹೆಂಚಿನ ಮೇಲಿನ ದೋಸೆಯಿಂದ ಕಣ್ಣು ತೆಗೆಯದೆ, ಹಾಕೋಣ ಬಿಡಮ್ಮ, ಇಂಟರ್‌ನೆಟ್ಟಿನಲ್ಲಿ ಪೇಪರ್ ಸಿಗುತ್ತದೆ, ನಾನೇ ತುಂಬಿ ಕಳಿಸುತ್ತೇನೆ ಎಂದರು. ಆ 'ನಾನೇ' ಅತ್ತೆಗೆ ಹಿಡಿಸಲಿಲ್ಲವೆಂದು ನನಗೆ ಆಗಲೇ ತಿಳಿಯಿತು. ಅವರು ಕುರ್ಚಿ ಎಳೆದು ಕೂತು, ಚಟ್ನಿ ಎಲ್ಲಿದೆ ಎಂದು ಕೇಳಿದರು.

ನಾವಿರುವುದು ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ. ಆದರೆ ಮೈಸೂರಿನಿಂದ ಹೊರಟವರು ಮೊದಲು ನೆಲೆಯೂರಿದ್ದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಊರಿನಲ್ಲಿ. ಮಗಳು ಹುಟ್ಟಿದ್ದು ಅಲ್ಲಿ. ಅತ್ತೆ ಮಾವ ಬಂದು ನಮ್ಮ ಜೊತೆ ಸೇರಿದ್ದು ಅಲ್ಲಿಗೆ. ನಾವೆಲ್ಲ ಆ ದೇಶದ ಪ್ರಜೆಗಳಾದೆವು. ಮಾವ ತೀರಿಕೊಂಡದ್ದೂ ಅಲ್ಲಿಯೇ. ಆಮೇಲೆ ನನ್ನ ಗಂಡನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ನ್ಯೂಜಿಲೆಂಡಿನ ಪಾಸ್‌ಪೋರ್ಟ್ ಇದ್ದವರು ಆಸ್ಟ್ರೇಲಿಯಾದಲ್ಲಿ ಇರಬಹುದು, ದುಡಿಯಬಹುದು, ತೆರಿಗೆಯನ್ನೂ ಕಟ್ಟಬಹುದು. ಓಟು ಮಾತ್ರ ಹಾಕುವಂತಿಲ್ಲ.

ಅದು ಅತ್ತೆಗೆ ಎಷ್ಟು ಚುಚ್ಚುತ್ತಿತ್ತು ಎಂಬುದು ನನಗೆ ತಿಳಿದದ್ದು ಹಿಂದಿನ ವರ್ಷ ಇಲ್ಲಿಯ ಚುನಾವಣೆಯ ದಿನ. ನಮ್ಮ ಮನೆಯ ಹತ್ತಿರದ ಶಾಲೆಯೇ ಮತಗಟ್ಟೆ. ಅತ್ತೆಯನ್ನು ಕರೆದುಕೊಂಡು ಅದರ ಮುಂದೆಯೇ ನಡೆದು ಹೋಗುತ್ತಿದ್ದೆ. ಗೇಟಿನ ಬಳಿ ಬಣ್ಣ ಬಣ್ಣದ ಟೀ ಶರ್ಟ್ ತೊಟ್ಟವರು ತಮ್ಮ ಪಕ್ಷದ ಚೀಟಿ ಹಂಚುತ್ತಿದ್ದರು. ಒಳಗೆ, ಇಲ್ಲಿಯ ಮತಗಟ್ಟೆಗಳ ವಾಡಿಕೆಯಂತೆ, ಸಾಸೇಜ್ ಸುಡುವ ಹೊಗೆ, ಮಕ್ಕಳ ಗಲಾಟೆ. ಒಬ್ಬ ಹುಡುಗಿ ಅತ್ತೆಯ ಕೈಗೆ ಚೀಟಿ ಇಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತರು. ಆಮೇಲೆ ತಮ್ಮ ಶಾಲಾ ಇಂಗ್ಲಿಷಿನಲ್ಲಿ, ಕ್ಷಮಿಸಿ, ನಾನು ಮತದಾರಳಲ್ಲ ಎಂದು ವಾಪಸ್ ಕೊಟ್ಟರು. ಮನೆಗೆ ಬಂದ ಮೇಲೆ ನನಗೆ ಹೇಳಿದರು: "ಮದುವೆಮನೇಲಿ ಎಲೆ ಮುಂದೆ ಕೂತು, ನಮ್ಮನ್ನ ಕರೆದೇ ಇರ್ಲಿಲ್ಲ ಅಂತ ಎದ್ದು ಬಂದ ಹಾಗಾಯ್ತು ಕಣೇ."

ಅತ್ತೆಯ ನೋಟದ ನಡುಭಾಗ ಹೋಗಿತ್ತು. ಪೂರ್ತಿ ಕಾಣುವುದಿಲ್ಲ ಎಂದಲ್ಲ. ಅಂಚಿನಲ್ಲಿರುವುದೆಲ್ಲ ಮಸುಕಾಗಿ ಕಾಣುತ್ತದೆ. ಬಾಗಿಲು, ಮೇಜು, ಒಲೆಯ ಮೇಲಿನ ಪಾತ್ರೆ ಎಲ್ಲ ತಿಳಿಯುತ್ತದೆ. ಆದರೆ ಯಾವುದನ್ನೇ ಆಗಲಿ ನೆಟ್ಟ ನೋಟದಿಂದ ನೋಡಹೊರಟರೆ ಅದೇ ಜಾಗದಲ್ಲಿ ಒಂದು ಬೂದು ಕಲೆ ಬಂದು ಕೂರುತ್ತದೆ. ಹೀಗಾಗಿ ಅವರಿಗೆ ಮೊದಲು ಇಲ್ಲವಾದದ್ದು ಅಕ್ಷರ, ಆಮೇಲೆ ಮನುಷ್ಯರ ಮುಖ. ಸಾಸಿವೆ ಸಿಡಿದದ್ದನ್ನು ಕಿವಿಯಿಂದ, ಈರುಳ್ಳಿ ಬೆಂದದ್ದನ್ನು ಮೂಗಿನಿಂದ ತಿಳಿದು ಒಗ್ಗರಣೆ ಹಾಕುವುದನ್ನು ಕಲಿತಿದ್ದರು. ಯಾರಾದರೂ ಅಯ್ಯೋ ಪಾಪ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಓಟಿನ ಪೇಪರುಗಳು ಬಂದ ದಿನವೇ ನನ್ನ ಗಂಡ ಮುದ್ರಿಸಿ ತಂದರು. ಆ ದೇಶದ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಓಟು. ಒಂದು ಪಕ್ಷಕ್ಕೆ, ಇನ್ನೊಂದು ಊರಿನ, ಅಂದರೆ ನಮಗೆ ಆ ಹಳೆಯ ಊರಿನ, ಅಭ್ಯರ್ಥಿಗೆ. ಹೆಸರಿನ ಮುಂದಿನ ಸಣ್ಣ ವೃತ್ತದೊಳಗೆ ಗುರುತು ಹಾಕಬೇಕು. ಅವರು ಮೇಜಿನ ಮೇಲೆ ಕಾಗದ ಹರಡಿ, ದೀಪ ಹತ್ತಿರಕ್ಕೆಳೆದು, ಅತ್ತೆಯ ಭೂತಗನ್ನಡಿ ತಂದಿಟ್ಟರು. ಅತ್ತೆ ತಲೆ ಓರೆ ಮಾಡಿ, ಕಣ್ಣಂಚಿನಿಂದ ಕಾಗದವನ್ನು ಹುಡುಕಿದರು. ಒಂದು ಬಿಳಿ ಹಾಳೆಯ ಮೇಲೆ ತಾಲೀಮು ಮಾಡಿದರು. ಗುರುತು ಒಮ್ಮೆ ವೃತ್ತದ ಮೇಲೆ ಬಿತ್ತು, ಒಮ್ಮೆ ಕೆಳಗಿನ ಸಾಲಿಗೆ ಹೋಯಿತು. ಪ್ರತಿ ಸಲವೂ, ಎಲ್ಲಿ ಬಿತ್ತು ಎಂದು ನನ್ನನ್ನು ಕೇಳುತ್ತಿದ್ದರು. ಕೇಳಬೇಕಾಯಿತು ಎಂಬುದೇ ಅವರಿಗೆ ಸಂಕಟ.

ನನ್ನ ಗಂಡ ತಾಳ್ಮೆಯಿಂದಲೇ ಇದ್ದರು. ಕೊನೆಗೆ ತಾಯಿಯ ಕೈ ಮೇಲೆ ಕೈ ಇಟ್ಟು, "ಅಮ್ಮ, ಯಾರಿಗೆ ಅಂತ ಹೇಳು, ನಾನು ಟಿಕ್ ಮಾಡ್ತೀನಿ. ಅಷ್ಟೇ ತಾನೆ?" ಎಂದರು.

"ಅಷ್ಟೇ ಅಲ್ಲ," ಎಂದರು ಅತ್ತೆ.

"ನನ್ ಮೇಲೆ ನಂಬ್ಕೆ ಇಲ್ವಾ ನಿಂಗೆ?"

"ನಂಬ್ಕೆ ಮಾತಲ್ಲ ಕಣೋ ಇದು. ಓಟು ನಂದು. ನಾನು ಯಾರಿಗೆ ಹಾಕ್ದೆ ಅಂತ ನಿಂಗೆ ಯಾಕೆ ಗೊತ್ತಾಗ್ಬೇಕು?"

ಅವರು ಪೆನ್ನು ಮುಚ್ಚಿಟ್ಟು ಎದ್ದು ಹೋದರು. ನನ್ನ ಗಂಡನಿಗೆ ನಿಜವಾಗಿಯೂ ನೋವಾಗಿತ್ತು. ಅವರೇನು ತಾಯಿಯ ಓಟು ಕದಿಯಲು ಹೊರಟವರಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಬ್ಯಾಂಕಿನ ಕೆಲಸ, ಮಾತ್ರೆ ತರುವುದು ಎಲ್ಲವನ್ನೂ ಬೇಸರವಿಲ್ಲದೆ ಮಾಡುತ್ತಿದ್ದರು. ಇದೂ ಅಂಥದ್ದೇ ಒಂದು ಕೆಲಸ ಎಂದುಕೊಂಡಿದ್ದರು. ಕಾಗದಗಳನ್ನು ಮಡಿಸುತ್ತಾ, ನಿನಗೇನಾದರೂ ಅರ್ಥವಾದರೆ ನನಗೂ ಹೇಳು ಎಂದು ನನ್ನ ಮೇಲೆ ರೇಗಿದರು.

ನನಗೆ ಅರ್ಥವಾದದ್ದು ಮರುದಿನ. ಆಸ್ಪತ್ರೆಯಲ್ಲಿ ನನಗೆ ರಜೆ ಇತ್ತು. ನಾನು ಇಪ್ಸ್‌ವಿಚ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಹಿಂದಿನ ವರಾಂಡದಲ್ಲಿ ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಬೆರಳಲ್ಲೇ ಎಲೆ ಯಾವುದು, ಕೊಳೆತದ್ದು ಯಾವುದು ಎಂದು ನೋಡುತ್ತಿದ್ದರು. ನಾನೇನೂ ಕೇಳಲಿಲ್ಲ. ಅವರಾಗಿಯೇ ಹೇಳತೊಡಗಿದರು.

ಅತ್ತೆ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವರು. ನಮ್ಮ ಕಡೆ ಚುನಾವಣೆ ಬಂತೆಂದರೆ ಮೇಷ್ಟರುಗಳಿಗೆ ಡ್ಯೂಟಿ ತಪ್ಪಿದ್ದಲ್ಲ. ಒಂದು ಸಲ ಅವರನ್ನು ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಬೆರಳಿಗೆ ಶಾಯಿ ಹಚ್ಚಿ, ಮತಪತ್ರ ಮಡಿಸಿ ಕೊಡುವುದು ಅವರ ಕೆಲಸ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಗಂಡಸು ಕಣ್ಣು ಕಾಣದ ತನ್ನ ತಾಯಿಯನ್ನು ಕರೆತಂದ. ಕಣ್ಣಿಲ್ಲದವರ ಜೊತೆ ಒಬ್ಬರು ಮರೆಯೊಳಗೆ ಹೋಗಿ ಅವರ ಪರವಾಗಿ ಮುದ್ರೆ ಒತ್ತಬಹುದು ಎಂಬುದು ನಿಯಮ. ಅದರಂತೆ ಮಗ ಹೋದ, ಒತ್ತಿದ, ಪೆಟ್ಟಿಗೆಗೆ ಹಾಕಿದ. ಹೊರಗೆ ಹೋಗುವಾಗ ಆ ಅಜ್ಜಿ, ನಾನು ಹೇಳಿದ್ದಕ್ಕೇ ಒತ್ತಿದೆಯೇನಪ್ಪ ಎಂದು ಕೇಳಿದರಂತೆ. ಮಗ ನಕ್ಕು, ಹೂಂ ನಡಿ ನಡಿ ಎಂದನಂತೆ.

"ಒತ್ತಿದ್ನೋ ಇಲ್ವೋ, ಯಾರಿಗ್ಗೊತ್ತು," ಎಂದರು ಅತ್ತೆ. "ಒತ್ತಿರ್ಲೂಬಹುದು. ಒಳ್ಳೆ ಮಗನೇ ಇರ್ಬಹುದು. ಆದ್ರೆ ಆಯಮ್ಮ ಸಾಯೋವರ್ಗೂ ಅದನ್ನ ಕೇಳ್ತಾನೇ ಇರ್ಬೇಕಲ್ಲ. ನಾನು ಹಾಗೆ ಕೇಳ್ಕೊಂಡು ಇರಲ್ಲ."

ಅಷ್ಟು ಹೇಳಿ ಸೊಪ್ಪಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಇದಕ್ಕೊಂದು ದಾರಿ ಹುಡುಕಲೇಬೇಕೆಂದು ನಾನು ಅಲ್ಲೇ ನಿರ್ಧರಿಸಿದೆ.

ಹುಡುಕಲು ಬಹಳ ಕಷ್ಟಪಡಬೇಕಾಗಲಿಲ್ಲ. ಕಣ್ಣು ಕಾಣದವರು ಫೋನಿನಲ್ಲಿ ಹೇಳಿ ಓಟು ಹಾಕುವ ವ್ಯವಸ್ಥೆ ನ್ಯೂಜಿಲೆಂಡಿನಲ್ಲಿ ಇತ್ತು. ಮೊದಲು ಹೆಸರು ನೋಂದಾಯಿಸಬೇಕು. ಆಗ ಒಂದು ಸಂಖ್ಯೆ ಕೊಡುತ್ತಾರೆ. ಓಟಿನ ದಿನ ಫೋನ್ ಮಾಡಿ ಹೆಸರು ಹೇಳುವ ಹಾಗಿಲ್ಲ, ಆ ಸಂಖ್ಯೆ ಹೇಳಬೇಕು. ಆ ಕಡೆ ಒಬ್ಬರು ನಮ್ಮ ಮಾತಿನಂತೆ ಗುರುತು ಹಾಕುತ್ತಾರೆ, ಸರಿಯಾಗಿ ಹಾಕಿದರೇ ಎಂದು ನೋಡಲು ಇನ್ನೊಬ್ಬರಿರುತ್ತಾರೆ. ಓಟು ಯಾರದೆಂದು ಅವರಿಗೆ ಗೊತ್ತಿಲ್ಲ, ಯಾರಿಗೆ ಬಿತ್ತೆಂದು ಮನೆಯವರಿಗೆ ಗೊತ್ತಿಲ್ಲ. ಅತ್ತೆಗೆ ಓದಿ ಹೇಳಿದಾಗ ಎರಡು ಸಲ ಕೇಳಿಸಿಕೊಂಡು, ಇದು ಸರಿಯಾಗಿದೆ ಎಂದರು.

ಅಲ್ಲಿಯ ಗಡಿಯಾರ ನಮಗಿಂತ ಮುಂದೆ. ನಮ್ಮ ಕೆಲಸ ಮುಗಿಯುವ ಹೊತ್ತಿಗೆ ಅವರ ಕಚೇರಿ ಮುಚ್ಚಿರುತ್ತದೆ. ಹಾಗಾಗಿ ಒಂದು ದಿನ ಬೆಳಿಗ್ಗೆ ಆಸ್ಪತ್ರೆಗೆ ತಡವಾಗಿ ಬರುತ್ತೇನೆಂದು ಹೇಳಿ ಮನೆಯಲ್ಲೇ ಉಳಿದು ಫೋನ್ ಹಚ್ಚಿದೆ. ಅತ್ತೆಯ ಪರವಾಗಿ ನಾನು ಮಾತಾಡುವಂತಿರಲಿಲ್ಲ. ಅವರೇ ಮಾತಾಡಿದರು. ಹೆಸರನ್ನು ಒಂದೊಂದೇ ಅಕ್ಷರವಾಗಿ, ಮೂರನೇ ತರಗತಿಗೆ ಡಿಕ್ಟೇಷನ್ ಕೊಡುವ ಹಾಗೆ ಹೇಳಿದರು. ಆ ಕಡೆಯವರು ತಪ್ಪಾಗಿ ತಿರುಗಿ ಹೇಳಿದಾಗ ಬೇಸರಪಟ್ಟುಕೊಳ್ಳದೆ ಮೊದಲಿನಿಂದ ಶುರು ಮಾಡಿದರು. ಕೊಟ್ಟ ಸಂಖ್ಯೆಯನ್ನು ನಾನು ಬರೆದುಕೊಳ್ಳಲು ಹೋದರೆ ಬೇಡ ಎಂದು ಕೈ ಆಡಿಸಿದರು. ಆ ದಿನವೆಲ್ಲ ಬಟ್ಟೆ ಮಡಿಸುತ್ತಾ, ಅನ್ನಕ್ಕೆ ಅಕ್ಕಿ ತೊಳೆಯುತ್ತಾ ಅದನ್ನು ಮಗ್ಗಿಯಂತೆ ಗುನುಗಿದರು.

ಇನ್ನು ಉಳಿದದ್ದು ಪಕ್ಷಗಳೇನು, ಅಭ್ಯರ್ಥಿಗಳು ಯಾರು ಎಂದು ತಿಳಿಯುವುದು. ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದು ಪಕ್ಷ ಏನು ಹೇಳುತ್ತಿದೆ ಎಂದು ಓದುತ್ತಿದ್ದೆ. ಅತ್ತೆ ಸೋಫಾದ ಮೂಲೆಯಲ್ಲಿ ಕಾಲು ಮಡಿಸಿ ಕೂತು ಕೇಳುತ್ತಿದ್ದರು. ಎರಡನೇ ದಿನವೋ ಮೂರನೇ ದಿನವೋ ನಡುವೆ ತಡೆದು, "ಇದೇ ನಿನ್ ಪಾರ್ಟಿ ಅಲ್ವಾ?" ಎಂದರು.

ನಾನು ಬೆಚ್ಚಿದೆ. ಯಾಕೆ ಹಾಗೆ ಹೇಳುತ್ತೀರಿ ಎಂದು ಕೇಳಿದೆ.

"ಇಲ್ಲಿಗೆ ಬಂದಾಗ ನಿನ್ ದನಿ ಮೆತ್ತಗಾಯ್ತು. ಹಿಂದಿನದನ್ನ ಗಡಬಡ ಓದಿ ಮುಗಿಸ್ಬಿಟ್ಟೆ. ಎರಡನ್ನೂ ಮತ್ತೆ ಓದು."

ಮತ್ತೆ ಓದಿದೆ. ರೈಲ್ವೆ ನಿಲ್ದಾಣದಲ್ಲಿ ಮುಂದಿನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳುವ ದನಿಯಲ್ಲಿ ಓದುವುದನ್ನು ರೂಢಿ ಮಾಡಿಕೊಂಡೆ. ಅದು ಅಂದುಕೊಂಡಷ್ಟು ಸುಲಭವಲ್ಲ. ನನಗೆ ಆಗದ ಒಂದು ಪಕ್ಷದ ಮಾತುಗಳನ್ನು ಹಾಗೆ ಸಮನಾಗಿ ಓದುವಾಗ, ಇದರಲ್ಲಿ ಇಂಥದ್ದೂ ಇತ್ತೇ ಎಂದು ನನಗೇ ಅನ್ನಿಸಿದ್ದುಂಟು. ನನ್ನ ಗಂಡ ಆಚೆ ಕೋಣೆಯಲ್ಲಿ ಕ್ರಿಕೆಟ್ ನೋಡುವ ನೆಪದಲ್ಲಿ ಕೂತಿರುತ್ತಿದ್ದರು. ಟೀವಿಯ ದನಿ ಮಾತ್ರ ತೀರ ಕಡಿಮೆ ಇರುತ್ತಿತ್ತು.

ಅತ್ತೆಗೆ ಈ ಚುನಾವಣೆಯಲ್ಲಿ ಸ್ವಂತದ ಒಂದು ಕಾರಣವೂ ಇತ್ತು. ಹಳೆಯ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಒಬ್ಬ ಹೆಂಗಸು, ಅತ್ತೆಯದೇ ವಯಸ್ಸಿನವರು, ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಚುನಾವಣೆಯ ಸುದ್ದಿ ಬಂದದ್ದು ಅವರಿಂದಲೇ. ಅವರ ಇಂಗ್ಲಿಷ್ ಇವರಿಗೆ ಅರ್ಧ, ಇವರ ಇಂಗ್ಲಿಷ್ ಅವರಿಗೆ ಅರ್ಧ. ಆದರೂ ಮಾತು ಮುಗಿಯುತ್ತಿರಲಿಲ್ಲ. ಆ ಊರಿನ ಕಣ್ಣಿನ ಕ್ಲಿನಿಕ್ಕನ್ನು ದೂರದ ಪಟ್ಟಣಕ್ಕೆ ಸಾಗಿಸುವ ಮಾತು ನಡೆದಿತ್ತು. ಅತ್ತೆಯ ಕಣ್ಣಿಗೆ ಮೊದಲ ಇಂಜೆಕ್ಷನ್ ಕೊಟ್ಟದ್ದು ಅಲ್ಲಿಯೇ. ಈಗ ಆ ಗೆಳತಿಗೂ ಅದೇ ಕಾಯಿಲೆ ಶುರುವಾಗಿತ್ತು. ಒಂಟಿ ಹೆಂಗಸು, ಕಾರು ಓಡಿಸುವುದನ್ನು ಬಿಟ್ಟವರು, ಅಷ್ಟು ದೂರ ಹೇಗೆ ಹೋಗಿ ಬರಬೇಕು ಎಂಬುದು ಅತ್ತೆಯ ಪ್ರಶ್ನೆ. ಊರಿನ ಅಭ್ಯರ್ಥಿಗಳಲ್ಲಿ ಯಾರು ಇದರ ಬಗ್ಗೆ ಏನು ಹೇಳಿದ್ದಾರೆ ಎಂದು ನನ್ನಿಂದ ಹುಡುಕಿಸಿ ಹುಡುಕಿಸಿ ಓದಿಸಿದರು.

ಈ ನಡುವೆ ಪರ್ತ್‌ನಿಂದ ನಾದಿನಿಯ ಫೋನ್ ಬಂತು. ಅವಳು ಡಾಕ್ಟರು, ಮನೆ ಕ್ಯಾನಿಂಗ್ಟನ್ ಹತ್ತಿರ. ಬಹಳ ಹಿಂದೆಯೇ ಆಸ್ಟ್ರೇಲಿಯಾದ ಪ್ರಜೆಯಾದವಳು. ಅಣ್ಣ ಅವಳ ಬಳಿ ದೂರು ಹೇಳಿಕೊಂಡಿದ್ದರೆಂದು ಕಾಣುತ್ತದೆ. ಫೋನನ್ನು ಅತ್ತೆ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದರಿಂದ ನನಗೂ ಎಲ್ಲ ಕೇಳಿಸಿತು. ನೀನು ಮತ್ತೆ ಆ ದೇಶಕ್ಕೆ ಹೋಗಿ ಇರುವವಳಲ್ಲ, ಒಂದು ಓಟಿಗಾಗಿ ಮನೆಯಲ್ಲಿ ಯಾಕಿಷ್ಟು ರಾದ್ಧಾಂತ ಎಂದಳು.

"ಒಂದಲ್ಲ, ಎರಡು," ಎಂದರು ಅತ್ತೆ. ಆಮೇಲೆ ಮಗಳಿಗೆ ಪಾಠ ಮಾಡಿದರು. ನಮ್ಮ ಕ್ಲಾಸಿಗೆ ಯಾವ ಮೇಷ್ಟ್ರು ಬರಬೇಕು ಎನ್ನುವುದಕ್ಕೆ ಒಂದು ಓಟು. ಇಡೀ ಶಾಲೆ ಯಾರ ಕೈಯಲ್ಲಿ ಇರಬೇಕು ಎನ್ನುವುದಕ್ಕೆ ಇನ್ನೊಂದು. ಯಾವ ಪಕ್ಷಕ್ಕೆ ಒಟ್ಟು ಎಷ್ಟು ಜಾಗ ಎಂದು ತೀರ್ಮಾನಿಸುವುದು ಆ ಎರಡನೆಯದೇ. ಮೇಷ್ಟ್ರು ಒಳ್ಳೆಯವರು, ಆದರೆ ಅವರ ಮ್ಯಾನೇಜ್‌ಮೆಂಟ್ ಸರಿಯಿಲ್ಲ ಅನ್ನಿಸಿದರೆ ಎರಡನ್ನೂ ಬೇರೆ ಬೇರೆ ಕಡೆ ಹಾಕಬಹುದು. "ನೀನು ನಿಮ್ಮೂರಲ್ಲಿ ಹೇಗೆ ಹಾಕ್ತೀಯ?" ಎಂದು ಕೇಳಿದರು.

ನಾದಿನಿ ನಕ್ಕು, ಗೇಟಿನಲ್ಲಿ ಯಾವುದಾದರೊಂದು ಪಕ್ಷದ ಚೀಟಿ ತೆಗೆದುಕೊಂಡು ಅದರಲ್ಲಿ ಇರುವ ಹಾಗೆಯೇ ಅಭ್ಯರ್ಥಿಗಳ ಹೆಸರಿನ ಮುಂದೆ ನಂಬರ್ ಬರೆದು ಬರುತ್ತೇನೆ, ಹಾಕದಿದ್ದರೆ ದಂಡ ಬೀಳುತ್ತದಲ್ಲ ಎಂದಳು.

"ನಿಂಗೆ ಎರಡೂ ಕಣ್ಣು ಚೆನ್ನಾಗಿದೆ," ಎಂದರು ಅತ್ತೆ. ನಾದಿನಿ ವಿಷಯ ಬದಲಿಸಿ, ಭಾನುವಾರ ಆಸ್ಪತ್ರೆಯ ಗೆಳತಿಯರ ಜೊತೆ ಸ್ವಾನ್ ವ್ಯಾಲಿಯ ದ್ರಾಕ್ಷಿತೋಟಗಳಿಗೆ ಹೋಗುತ್ತಿರುವುದನ್ನು ಹೇಳಿ ಫೋನ್ ಇಟ್ಟಳು.

ಅಡಿಲೇಡಿನಲ್ಲಿ ಓದುತ್ತಿರುವ ನಮ್ಮ ಮಗಳಿಗೆ ಅದೇ ಮೊದಲ ಓಟು. ಅವಳು ಬಸ್ಸಿಗೆ ಕಾಯುತ್ತಿದ್ದಾಗಲೇ ಪೇಪರ್ ತುಂಬಿ, ಫೋನಿನಿಂದಲೇ ಕಳಿಸಿ ಮುಗಿಸಿದ್ದಳು. ಅಜ್ಜಿಗೆ ಫೋನ್ ಮಾಡಿ ತಾನು ಯಾರಿಗೆ ಹಾಕಿದೆ ಎಂದು ಇಂಗ್ಲಿಷಿನಲ್ಲಿ ಸಂಭ್ರಮದಿಂದ ಹೇಳಹೊರಟಳು. ಅಜ್ಜಿ ಕನ್ನಡದಲ್ಲಿ, ಹೇಳಬೇಡ, ನಿನ್ನಲ್ಲೇ ಇಟ್ಟುಕೋ ಎಂದು ತಡೆದರು. ಅವಳು "ಓಕೆ ಅಜ್ಜಿ," ಎಂದಳು. ಆ ಓಟು ಯಾರಿಗೆ ಹೋಯಿತೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

ಓಟು ಹಾಕುವ ದಿನವನ್ನು ಅತ್ತೆಯೇ ಗೊತ್ತು ಮಾಡಿದರು. ಒಂದು ಶನಿವಾರ, ತಿಂಡಿಯಾದ ಮೇಲೆ. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು ತಯಾರಾಗಿದ್ದರು. ನಾನು ಫೋನ್ ಹಚ್ಚಿ ಕೊಟ್ಟ ಮೇಲೆ ಇಬ್ಬರೂ ಮನೆಯಿಂದ ಆಚೆ ಹೋಗಬೇಕು, ಕೋಣೆಯಿಂದ ಅಲ್ಲ, ಮನೆಯಿಂದ ಎಂದು ಹೇಳಿದ್ದರು. ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡರು.

ಅದು ವಸಂತ ಕಾಲ. ನಾವಿಬ್ಬರೂ ಹೋದ ಕೆರೆಯ ಸುತ್ತಲ ದಾರಿಯಲ್ಲಿ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟಿ, ನಡೆದು ಹೋಗುವವರ ತಲೆಗೆ ಎರಗುವ ದಿನಗಳು. ನನ್ನ ಗಂಡ ಕೊಡೆ ಬಿಚ್ಚಿಕೊಂಡು ನಡೆಯುತ್ತಿದ್ದರು. ಮಳೆಯೂ ಇಲ್ಲ, ಅಂಥ ಬಿಸಿಲೂ ಇಲ್ಲ; ಆದರೂ ಆ ದಾರಿಯಲ್ಲಿ ಕೊಡೆ ಹಿಡಿದವರನ್ನು ನೋಡಿ ಯಾರೂ ನಗುವುದಿಲ್ಲ. ಕೆರೆಯ ಅರ್ಧ ಸುತ್ತು ಬಂದ ಮೇಲೆ ಅವರೇ ಮಾತು ಶುರು ಮಾಡಿದರು.

"ಮೈಸೂರಲ್ಲಿ ಎಲೆಕ್ಷನ್ ಬಂದಾಗ ಮನೆಗೆ ಕ್ಯಾನ್ವಾಸಿಗೆ ಬರೋರು ಗೊತ್ತಲ್ಲ. ಜಗಲೀಲಿ ಅಪ್ಪ ಕೂತಿರೋರು. 'ಸಾರ್, ನಿಮ್ಮನೇದು ನಾಲ್ಕು ಓಟು ನಮಗೇ ಅಲ್ವಾ' ಅನ್ನೋರು. ಅಪ್ಪ ಹೂಂ ಅನ್ನೋರು. ಅಮ್ಮ ಒಳಗಡೆಯಿಂದ ಕಾಫಿ ತಂದುಕೊಡೋಳು."

ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿ, "ಊರವರ ಓಟೆಲ್ಲ ಸರಿಯಾಗಿ ಪೆಟ್ಟಿಗೆಗೆ ಬೀಳ್ಸಿ ಬರೋಳು ಅವಳು. ಅವಳ ಓಟು ಯಾರಿಗೆ ಅಂತ ನಮ್ಮನೇಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ," ಎಂದರು.

ಮನೆಯ ಬೀದಿಗೆ ತಿರುಗುವಾಗ ನೋಡಿದರೆ ಅತ್ತೆ ಗೇಟಿನ ಬಳಿ ಬಂದು ನಿಂತಿದ್ದಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಗೇಟಿನ ಮೇಲೆ. ಮುಖ ಬಿಳಿಚಿಕೊಂಡಿತ್ತು. ನಾವು ಓಡಿದೆವು.

ಲೈನು ಕಟ್ಟಾಗಿತ್ತು. ಗುಟ್ಟು ಹೊರಬೀಳಬಾರದೆಂದು ಸ್ಪೀಕರ್ ಬೇಡವೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರಿಂದ ಕೆನ್ನೆ ತಗುಲಿ ಕರೆ ನಿಂತಿತ್ತು. ಪಕ್ಷದ ಓಟನ್ನು ಹೇಳಿಯಾಗಿತ್ತು, ಅಭ್ಯರ್ಥಿಯ ಓಟು ಇನ್ನೂ ಬಾಕಿ ಇತ್ತು. ಮತ್ತೆ ಹಚ್ಚಲು ಅವರಿಗೆ ಕಾಣಲಿಲ್ಲ. ನನ್ನ ಗಂಡ ತಕ್ಷಣ, ಪರವಾಗಿಲ್ಲಮ್ಮ, ಒಂದು ಓಟಾದರೂ ಬಿತ್ತಲ್ಲ ಎಂದರು. ಸಮಾಧಾನಕ್ಕೆ ಹೇಳಿದ ಮಾತು ಅದು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಫೋನನ್ನು ನನ್ನ ಕಡೆ ಚಾಚಿ, "ಹಚ್ಚು," ಎಂದರು.

ಹಚ್ಚಿದೆ. ಈ ಸಲ ಒಳಗೆ ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದೆ. ಬಂದವರು ಬೇರೆಯವರು. ಅತ್ತೆ ತಮ್ಮ ಸಂಖ್ಯೆಯನ್ನು ತಡವರಿಸದೆ ಹೇಳಿದರು, ಏನಾಯಿತೆಂದು ವಿವರಿಸಿದರು. ಆ ಕಡೆಯ ಹೆಂಗಸು ಪರವಾಗಿಲ್ಲ, ಮೊದಲಿನಿಂದ ಶುರು ಮಾಡೋಣ ಎಂದರು. ಅತ್ತೆ ಒಪ್ಪಲಿಲ್ಲ. ನಿಧಾನವಾದ, ಬಿಗಿಯಾದ ಇಂಗ್ಲಿಷಿನಲ್ಲಿ, ಮೊದಲು ಅರ್ಧ ತುಂಬಿದ ಮತಪತ್ರ ಏನಾಯಿತು ಎಂದು ಕೇಳಿದರು. ಅದು ಪೆಟ್ಟಿಗೆಗೆ ಬಿದ್ದಿದ್ದರೆ ನಾನು ಈಗ ಹಾಕುವುದು ಎರಡನೇ ಸಲವಾಗುತ್ತದೆ, ಅದು ತಪ್ಪು. ನಾನು ಮತಗಟ್ಟೆಯಲ್ಲಿ ಕೆಲಸ ಮಾಡಿದವಳು, ಆ ಪತ್ರ ರದ್ದಾಗಿದೆ ಎಂದು ತಿಳಿಯದೆ ಹೊಸದನ್ನು ತುಂಬಿಸುವುದಿಲ್ಲ ಎಂದರು.

ದಯವಿಟ್ಟು ಕಾಯಿರಿ, ಮೇಲಿನವರನ್ನು ಕೇಳಿ ಬರುತ್ತೇನೆ ಎಂಬ ಮಾತು ಬಂತು. ಅತ್ತೆ ಮೇಜಿನ ಮುಂದೆ ನೆಟ್ಟಗೆ ಕೂತು ಕಾದರು. ನನ್ನ ಗಂಡ ಬಾಗಿಲ ಬಳಿ ನಿಂತು ತಾಯಿಯನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿ ಬಿಚ್ಚಿದ ಕೊಡೆ ಹಾಗೇ ಇತ್ತು. ಆ ಹೆಂಗಸು ಮರಳಿ ಬಂದು, ಅರ್ಧ ತುಂಬಿದ ಪತ್ರವನ್ನು ಕೆಟ್ಟದ್ದೆಂದು ಗುರುತಿಸಿ ಬೇರೆ ಇಟ್ಟಿದ್ದಾರೆ, ಅದು ಎಣಿಕೆಗೆ ಹೋಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಕೇಳಿದ್ದಕ್ಕೆ ಥ್ಯಾಂಕ್ಸ್ ಎಂದೂ ಹೇಳಿದರು.

ಅತ್ತೆ ನಮ್ಮ ಕಡೆ ಕೈಬೀಸಿದರು. ಹೊರಗೆ ಹೋಗಿ ಎಂದು ಅರ್ಥ. ಈ ಸಲ ನನ್ನ ಗಂಡನೇ ಮೊದಲು ಹೊರಟರು. ರಸ್ತೆಯ ಆಚೆ ಬದಿಗೆ ಹೋಗಿ, ಮನೆಗೆ ಬೆನ್ನು ಹಾಕಿ ನಿಂತರು. ನಾನು ನಕ್ಕೆ. "ಸ್ಪೀಕರ್ ಹಾಕಿದೀಯಲ್ಲ, ಕೇಳಿಸ್ಬಿಟ್ರೆ?" ಎಂದರು ಗಂಭೀರವಾಗಿ.

ಬಾಗಿಲು ತೆರೆದಾಗ ಅತ್ತೆ ಬೆವೆತಿದ್ದರು. ಎರಡೂ ಓಟನ್ನು ಫೋನಿನವರು ತಿರುಗಿ ಓದಿ ಹೇಳಿದರೆಂದೂ, ಎರಡೂ ಸರಿಯಾಗಿತ್ತೆಂದೂ ತಿಳಿಸಿ, ಹಸಿವಾಗುತ್ತಿದೆ ಎಂದರು. ನನ್ನ ಗಂಡ ಕಾಫಿ ಮಾಡಿದರು. ಮೂವರೂ ಕೂತು ಕುಡಿದೆವು. ಯಾರೂ ಏನೂ ಕೇಳಲಿಲ್ಲ.

ಚುನಾವಣೆಯ ದಿನ ಊರಿನ ಫಲಿತಾಂಶ ಪೂರ್ತಿ ಗೊತ್ತಾಗಲಿಲ್ಲ. ಇಬ್ಬರು ಅಭ್ಯರ್ಥಿಗಳ ನಡುವೆ ಅಂತರ ಬಹಳ ಕಡಿಮೆ ಇತ್ತು. ಹೊರದೇಶದಿಂದ ಬಂದ ಓಟುಗಳನ್ನು ಆಮೇಲೆ ಎಣಿಸುತ್ತಾರೆ. ಅದಕ್ಕೆ ವಾರಗಳೇ ಹಿಡಿಯುತ್ತವೆ. ಆ ದಿನಗಳಲ್ಲಿ ನನ್ನ ಗಂಡ ಬ್ರಿಸ್ಬೇನಿನ ಕಚೇರಿಯಿಂದ ರೈಲಿನಲ್ಲಿ ಬರುವಾಗ ಫೋನಿನಲ್ಲಿ ನೋಡಿ, ಮನೆಗೆ ಬಂದೊಡನೆ ತಾಯಿಗೆ ವರದಿ ಒಪ್ಪಿಸುತ್ತಿದ್ದರು. ಕೊನೆಯ ಎಣಿಕೆಯಲ್ಲಿ ಮೊದಲು ಹಿಂದೆ ಇದ್ದವರು ಮುಂದೆ ಬಂದು ಗೆದ್ದರು. ಇಡೀ ದೇಶದಲ್ಲಿ ಯಾವ ಪಕ್ಷಗಳು ಸೇರಿ ಸರ್ಕಾರ ಮಾಡುತ್ತವೆ ಎಂಬುದೂ ಆ ಹೊತ್ತಿಗೆ ಸ್ಪಷ್ಟವಾಗಿತ್ತು.

ಅವತ್ತು ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, ಅಮ್ಮ, ಸಂತೋಷವಾಯಿತಾ ಎಂದು ಸುತ್ತಿ ಬಳಸಿ ಕೇಳಿದರು.

"ನಂದು ಒಂದು ಗೆದ್ದಿದೆ, ಒಂದು ಸೋತಿದೆ," ಎಂದರು ಅತ್ತೆ. "ಯಾವ್ದು ಅಂತ ಕೇಳ್ಬೇಡ."

ಅವರು ಕೇಳಲಿಲ್ಲ. ಆಮೇಲೆ ನಾನು ನನ್ನ ಗಂಡನಲ್ಲಿ ಒಂದು ಬದಲಾವಣೆ ಕಂಡೆ. ಮುಂದಿನ ತಿಂಗಳು ಕಣ್ಣಿನ ಡಾಕ್ಟರ ಬಳಿ ಹೋದಾಗ, ಡಾಕ್ಟರು ಅಭ್ಯಾಸದಂತೆ ಮಗನ ಮುಖ ನೋಡಿ ಪ್ರಶ್ನೆ ಕೇಳಿದರು. ಅವರು ಉತ್ತರ ಕೊಡದೆ, ನಮ್ಮ ತಾಯಿಯನ್ನೇ ಕೇಳಿ ಎಂದರು. ಅತ್ತೆ ಎಲ್ಲವನ್ನೂ ಹೇಳಿದರು. ಮಗನಿಗೆ ಗೊತ್ತಿಲ್ಲದ ಎರಡು ವಿಷಯಗಳೂ ಅದರಲ್ಲಿದ್ದವು.

ಕ್ಲಿನಿಕ್ಕಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಗೆದ್ದವರಿಗೆ ಅತ್ತೆ ನನ್ನಿಂದ ಇಮೇಲ್ ಬರೆಸಿದರು. ಒಂದಕ್ಕೆ ನಯವಾದ ಉತ್ತರ ಬಂತು, ಅದರಲ್ಲಿ ಏನೂ ಇರಲಿಲ್ಲ. ಎರಡನೆಯದನ್ನು ಬರೆಸಿದರು. ನೀವು ಇವರಿಗೆ ಹಾಕಿದ್ದಿರೋ ಇಲ್ಲವೋ ಎಂದು ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. "ಅದು ಅವ್ರಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ನಾನು ಆ ಊರಿನ ವೋಟರ್ ಅಂತ ಬರಿ, ಸಾಕು," ಎಂದರು.

ಈಚೆಗೆ ನಾವೆಲ್ಲ ಆಸ್ಟ್ರೇಲಿಯಾದ ಪೌರತ್ವಕ್ಕೆ ಅರ್ಜಿ ಹಾಕಿದ್ದೇವೆ. ಈಗ ನಮ್ಮಂಥವರಿಗೆ ಅದು ಮೊದಲಿಗಿಂತ ಸುಲಭವಾಗಿದೆ. ಹಾಕೋಣವೇ ಬೇಡವೇ ಎಂದು ನಾನೂ ನನ್ನ ಗಂಡನೂ ಚರ್ಚೆ ಮಾಡುತ್ತಿದ್ದಾಗಲೇ ಅತ್ತೆ ತಮ್ಮದನ್ನು ಹಾಕಿ ಎಂದುಬಿಟ್ಟಿದ್ದರು. ವಯಸ್ಸಾದವರಿಗೆ ಪೌರತ್ವದ ಪರೀಕ್ಷೆ ಇರುವುದಿಲ್ಲ ಎಂದು ತಿಳಿದಾಗ ಅವರಿಗೆ ಖುಷಿಯಾಗಲಿಲ್ಲ. ಅದೇನು ರಿಯಾಯಿತಿ, ಓದಲಾರೆ ಅಂತಲೋ ಎಂದು ಗೊಣಗಿದರು. ಹಾಗಾಗಿ ಪರೀಕ್ಷೆ ಬರೆಯಬೇಕಾದ ನಾವಿಬ್ಬರೂ ಈಗ ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ಪರೀಕ್ಷೆ ಇಲ್ಲದ ಅವರು ಕೂತು ಕೇಳುತ್ತಾರೆ. ಇಲ್ಲಿಯ ಸಂಸತ್ತಿಗೆ ಎರಡು ಸದನಗಳು, ಎರಡಕ್ಕೂ ಬೇರೆ ಬೇರೆ ಎಣಿಕೆ, ಕೆಳಸದನದ ಅಭ್ಯರ್ಥಿಗಳೆಲ್ಲರಿಗೂ ಒಂದು, ಎರಡು, ಮೂರು ಎಂದು ನಂಬರ್ ಕೊಡಬೇಕು ಎಂದು ನಾದಿನಿಯಿಂದ ತಿಳಿದುಕೊಂಡಿದ್ದಾರೆ. ನಿನ್ನೆ ನನ್ನ ಗಂಡ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಾಗ ಸರಿಪಡಿಸಿದ್ದೂ ಅವರೇ. "ಮೊದಲನೇ ಪಾಠದಿಂದ ಶುರು ಮಾಡು," ಎಂದು ಮಗನಿಗೆ ಹೇಳಿ, ದಿಂಬಿಗೆ ಒರಗಿ ಕೂತರು.